ನಟರಾಜಣ್ಣನ ಎಡಗೈ

ತಿಪ್ಪಸಂದ್ರ ಹೋಬಳಿಯ ಗುಡ್ಡೇನಹಳ್ಳಿಯಲ್ಲಿ ಯಾವ ಸಭೆ ನಡೆದರೂ ನಟರಾಜು ಕೂರುತ್ತಿದ್ದುದು ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ. ಜವಾಬ್ದಾರಿ ಹಂಚುವ ಮಾತು ಬಂತೆಂದರೆ ಹಸು ಕೂಗಿದ್ದು ಕೇಳಿಸಿತು ಎಂದು ಎದ್ದುಹೋಗಲು ಅದು ಅನುಕೂಲದ ಜಾಗ. ಕೆಟ್ಟ ಮನುಷ್ಯನಲ್ಲ. ಎರಡೆಕರೆ ಹಿಪ್ಪುನೇರಳೆ, ಒಸಿ ಟೊಮೆಟೊ, ಮೂರು ಸೀಮೆಹಸು, ಹೆಂಡತಿ ರಾಧಾಮಣಿ, ತಾಯಿ ಶಿವಲಿಂಗಮ್ಮ. ಇಷ್ಟನ್ನು ಅಚ್ಚುಕಟ್ಟಾಗಿ ನೋಡಿಕೊಂಡರೆ ದೇವರು ತನ್ನನ್ನು ಬೇರೇನೂ ಕೇಳುವುದಿಲ್ಲ ಎಂದು ನಂಬಿ ಐವತ್ತೆರಡು ವರ್ಷ ಕಳೆದಿದ್ದ. ಹೊಲಕ್ಕೆ ಹನಿ ನೀರಾವರಿ ಪೈಪು ಎಳೆಯುವುದರಲ್ಲಿ ಸುತ್ತ ನಾಲ್ಕು ಊರಿಗೆ ಅವನಷ್ಟು ತಿಳಿದವನಿಲ್ಲ. ಆದರೆ ಬಂದು ತೋರಿಸಿಕೊಡು ಎಂದರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತಿತ್ತು.

ಆ ವರ್ಷ ಡೇರಿಯ ವಾರ್ಷಿಕ ಸಭೆ ನಡೆಯಿತು. ಹಾಲಿನ ಸೊಸೈಟಿಗೆ ಹೊಸ ಕಟ್ಟಡ ಮಂಜೂರಾಗಿತ್ತು. ಸಿಮೆಂಟು, ಮರಳು, ಮೇಸ್ತ್ರಿ, ಎಲ್ಲವನ್ನೂ ನಿಂತು ನೋಡಿಕೊಳ್ಳಲು ಒಬ್ಬ ಬೇಕಿತ್ತು. ಕಾರ್ಯದರ್ಶಿ ಅನಂತರಾಜು ಮೂರು ಸಲ ಕೇಳಿದ.

"ಯಾರಾದ್ರೂ ಒಬ್ರು ಹೊತ್ಕಳ್ರಪ್ಪ. ಊರ್ ಕೆಲ್ಸ. ಯಾರು? ಕೈಯೆತ್ತಿ."

ಯಾರೂ ಎತ್ತಲಿಲ್ಲ. ಎಲ್ಲರೂ ಫ್ಯಾನು ನೋಡಿದರು. ಅಷ್ಟರಲ್ಲಿ ಕೊನೇ ಸಾಲಿನಲ್ಲಿ ಒಂದು ಎಡಗೈ ನಿಧಾನವಾಗಿ ಮೇಲೆದ್ದಿತು. ಮೊಣಕೈ ನೆಟ್ಟಗಾಗಿ, ಬೆರಳು ಬಿಚ್ಚಿಕೊಂಡು, ಚಾವಣಿಯ ಕಡೆಗೆ. ಯಾರಪ್ಪಾ ಈ ಪುಣ್ಯಾತ್ಮ ಎಂದು ನಟರಾಜುವೂ ತಿರುಗಿ ನೋಡಿದ. ನೋಡಿದರೆ ಅದು ಅವನದೇ.

ಇಳಿಸಲು ನೋಡಿದ. ಇಳಿಯಲಿಲ್ಲ. ಬಲಗೈಯಿಂದ ಹಿಡಿದು ಎಳೆದ. ದೂರದಿಂದ ಅದು ಎರಡೂ ಕೈ ಎತ್ತಿದ ಹಾಗೆ ಕಂಡಿತು.

"ಎಲ್ಡು ಕೈನೂ ಎತ್ತವ್ನಲ್ರಪ್ಪ ನಟರಾಜಣ್ಣ!" ಎಂದು ಅನಂತರಾಜು ಕೂಗಿದ. ಚಪ್ಪಾಳೆ ಬಿತ್ತು. ಅರ್ಧ ನಿಮಿಷದ ನಂತರ ಕೈ ಸುಸ್ತಾಗಿ ತೊಡೆಯ ಮೇಲೆ ಬಿದ್ದಾಗ, ನಟರಾಜುವಿನ ಕೊರಳಲ್ಲಿ ಸೇವಂತಿಗೆ ಹಾರವಿತ್ತು.

ಮನೆಗೆ ಬಂದು ನಡೆದದ್ದನ್ನು ಹೇಳಿದರೆ ರಾಧಾಮಣಿ ನಂಬಲಿಲ್ಲ. "ತಾನಾಗ್ ತಾನೆ ಎದ್ದೋಯ್ತಾ? ಮೂವತ್ತೊರ್ಸ ಆಯ್ತು, ನಂಗೋಸ್ಕರ ಒಂದಿನ ಒಲೆ ಮೇಲಿನ್ ಪಾತ್ರೆ ಇಳ್ಸಕ್ಕೂ ಎದ್ದಿರ್ಲಿಲ್ಲ ಆ ಕೈ."

ಆದರೆ ಕೈ ಅಲ್ಲಿಗೆ ನಿಲ್ಲಿಸಲಿಲ್ಲ. ಒಂದು ಬೆಳಗ್ಗೆ ರಸ್ತೆ ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಎದ್ದಿತು. ಮಾಗಡಿಗೆ ಹೋಗುವ ಬಸ್ಸು ಕಿರ್ರೆಂದು ನಿಂತಿತು. "ಹತ್ರೀ ಬೇಗ" ಎಂದು ಕಂಡಕ್ಟರು ಗದರಿದ. ಸುಮ್ಮನೆ ನಿಲ್ಲಿಸಿದೆ ಎನ್ನುವ ಧೈರ್ಯ ಸಾಲದೆ ನಟರಾಜು ಕುಡುಗೋಲು ಹಿಡಿದೇ ಹತ್ತಿದ. ಪಕ್ಕದ ಸೀಟಿನವನು ಕುಡುಗೋಲು ನೋಡಿ ಎದ್ದು ಹಿಂದಕ್ಕೆ ಹೋದ.

ಒಂದು ಶನಿವಾರ ಗಂಡ ಹೆಂಡತಿ ಸಾವನದುರ್ಗಕ್ಕೆ ಹೋಗಿದ್ದರು. ಪೂಜೆ ಮುಗಿಸಿ ಬೆಟ್ಟದ ಬುಡದಲ್ಲಿ ಬಂಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಾಗ ಎಡಗೈ ಎದ್ದು, ಅಂಗೈ ಮುಂದಕ್ಕೆ ಮಾಡಿ, ಅಭಯ ಕೊಟ್ಟ ಹಾಗೆ ನಿಂತಿತು. ನಟರಾಜುವಿಗೆ ನರೆತ ಗಡ್ಡ ಬೇರೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹೆಂಗಸು ತಟಕ್ಕನೆ ಬಂದು ಕಾಲಿಗೆ ಬಿದ್ದಳು. ಹಿಂದೆಯೇ ಅವಳ ಗಂಡ, ಅತ್ತೆ.

"ಒಳ್ಳೇದಾಗ್ಲಿ" ಎಂದ ನಟರಾಜು. ಇನ್ನೇನು ಹೇಳಲು ಸಾಧ್ಯ?

ರಾಧಾಮಣಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಆ ಸಂಸಾರ ಅತ್ತ ಹೋದ ಮೇಲೂ ನಗುತ್ತಲೇ ಗಂಡನ ಕಡೆ ತಿರುಗಿದಳು. ಅವನ ಮುಖ ಬಿಳುಚಿಕೊಂಡಿತ್ತು. ಕೆಳಗಿಳಿದ ಕೈಯ ಬೆರಳುಗಳು ನೀರಿನಿಂದ ತೆಗೆದ ಮೀನಿನ ಹಾಗೆ ಅದುರುತ್ತಿದ್ದವು. ಅವಳ ನಗು ಅಲ್ಲಿಗೇ ನಿಂತಿತು.

"ಇದು ತಮಾಷೆ ಅಲ್ಲ ಕಣ್ರೀ" ಎಂದಳು.

ಅವಳು ಹೇಳಿದ್ದೇ ನಿಜವಾಯಿತು. ಕೈ ಎದ್ದಿಳಿದಾಗಲೆಲ್ಲ ಗಂಟೆಗಟ್ಟಲೆ ಮರಗಟ್ಟುತ್ತಿತ್ತು. ಆಮೇಲಾಮೇಲೆ ಅದು ಏಳದ ದಿನವೂ ಬಲವಿರಲಿಲ್ಲ. ಶ್ರಾವಣದ ಹೊತ್ತಿಗೆ ಅಂಗಿ ಗುಂಡಿ ಹಾಕಲು ಆಗದಾಯಿತು. ಹಾಲು ಕರೆಯಲು ಕೂತರೆ ಬಲಗೈಯ ಕಡೆಯಿಂದ ಮಾತ್ರ ಸೊರ್ ಸೊರ್ ಎನ್ನುತ್ತಿತ್ತು. ಎಡಗೈ ಮೊಲೆಯನ್ನು ಸುಮ್ಮನೆ ಸವರುತ್ತಿತ್ತು. ಕಚಗುಳಿಯಾಗಿ ಹಸು ಒದ್ದಿತು, ಬಕೆಟ್ಟು ಮಗುಚಿತು.

ಶಿವಲಿಂಗಮ್ಮ ಕನಕಪುರದ ಕಡೆಯಿಂದ ಲಕ್ವದ ಎಣ್ಣೆ ತರಿಸಿದಳು. ಹದಿನೈದು ದಿನ ಬೆಳಗ್ಗೆ ಸಂಜೆ ಉಜ್ಜಿದ್ದೇ ಉಜ್ಜಿದ್ದು. ಕೈ ಕಂಚಿನ ಚೊಂಬಿನ ಹಾಗೆ ಹೊಳೆಯಿತು. ಅಲ್ಲಾಡಲಿಲ್ಲ.

ಕೊನೆಗೆ ರಾಧಾಮಣಿ ಅಮೂಲ್ಯಳಿಗೆ ಫೋನು ಮಾಡಿದಳು. ಅಮೂಲ್ಯ ಅದೇ ಊರಿನ ರಿಟೈರ್ಡ್ ಮೇಷ್ಟ್ರು ಅಂಕಯ್ಯನವರ ಮಗಳು. ಮಾಗಡಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿದ್ದಳು. ಭಾನುವಾರ ಬಂದವಳು ಬೆರಳು ಒತ್ತಿ, ಮೊಣಕೈ ಮಡಚಿ ನೋಡುತ್ತಿದ್ದಾಗಲೇ ಕೈ ತನ್ನಷ್ಟಕ್ಕೆ ತಾನು ಎದ್ದಿತು. ಅವಳು ಗಾಬರಿಯಾಗದೆ ಮೊಬೈಲು ತೆಗೆದು ವಿಡಿಯೋ ಮಾಡಿದಳು.

"ನಟರಾಜಣ್ಣ, ಇದು ಕೈ ಕಾಯಿಲೆ ಅಲ್ಲ. ಕೈಗೆ ಮಾತ್ರ ಬರೋ ಫಿಟ್ಸ್ ಇದು. ತೊಂದರೆ ಇರೋದು ತಲೆಯಲ್ಲಿ."

"ತಲೆ ಸರಿ ಇಲ್ಲ ಅಂತ ಇವ್ನ್ ಮದ್ವೆಗ್ ಮುಂಚಿಂದ್ಲೂ ನಾನೂ ಹೇಳ್ತಾನೇ ಇವ್ನಿ" ಎಂದಳು ಶಿವಲಿಂಗಮ್ಮ.

"ಹಾಗಲ್ಲ ಅಜ್ಜಿ. ಎಣ್ಣೆ ನಿಲ್ಸಿ, ಈ ವಾರವೇ ಸ್ಕ್ಯಾನ್ ಮಾಡಿಸ್ಬೇಕು. ತಡ ಮಾಡ್ಬಾರ್ದು." ಅವಳ ದನಿ ಕೇಳಿ ಮುದುಕಿ ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿದಳು.

ಅಮೂಲ್ಯಳೇ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟಳು. ಸ್ಕ್ಯಾನ್ ಯಂತ್ರದ ಒಳಗೆ ಮಲಗಿದ ನಟರಾಜುವಿಗೆ ಬೋರ್‌ವೆಲ್ ಲಾರಿಯ ಕೆಳಗೆ ಮಲಗಿದಂತಾಯಿತು. ಹೊರಗೆ ಬಂದವನು ಕೇಳಿದ್ದು ಒಂದೇ ಮಾತು: "ಎಷ್ಟಡಿಗೆ ನೀರ್ ಬಂತು?"

ಡಾಕ್ಟರ ಹೆಸರು ಸಿದ್ಧಾರ್ಥ. ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ. ಕಂಪ್ಯೂಟರಿನಲ್ಲಿ ಮೆದುಳಿನ ಚಿತ್ರ ತೋರಿಸಿದರು. ಬಲಗಡೆ ಒಂದು ಕಡೆ ಹುಳು ಮುತ್ತಿಕೊಂಡ ಹಾಗೆ ಕಪ್ಪು ಸಿಕ್ಕು.

"ನಟರಾಜು ಅವರೆ, ಹೃದಯದಿಂದ ಜೋರಾಗಿ ರಕ್ತ ತರೋ ನಾಳ ಒಂದು. ವಾಪಸ್ ತಗೊಂಡು ಹೋಗೋ ನಾಳ ಇನ್ನೊಂದು. ಇವೆರಡರ ಮಧ್ಯೆ ಕೂದಲಿಗಿಂತ ಸಣ್ಣ ನಾಳಗಳು ಇರ್ತವೆ. ಅಲ್ಲೇ ಮೆದುಳು ರಕ್ತ ಹೀರ್ಕೊಳ್ಳೋದು. ನಿಮಗೆ ಹುಟ್ಟಿನಿಂದಲೇ ಇಲ್ಲಿ ಆ ಸಣ್ಣ ನಾಳಗಳು ಬೆಳೆದಿಲ್ಲ. ದೊಡ್ಡವು ಎರಡೂ ನೇರವಾಗಿ ಗಂಟು ಹಾಕ್ಕೊಂಡಿವೆ."

ರಾಧಾಮಣಿಗೆ ಅರ್ಥವಾಗಲಿಲ್ಲ. ನಟರಾಜು ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ಅಂದ್ರೆ ಮೇನ್ ಲೈನ್ ತಂದು, ಮಧ್ಯ ಸಣ್ಣ ಪೈಪೇ ಹಾಕ್ದೆ, ಸೀದಾ ಚರಂಡಿಗ್ ಬುಟ್ಬುಟ್ಟವ್ರೆ."

ಡಾಕ್ಟರು ಚಿತ್ರ ಬಿಟ್ಟು ಅವನ ಕಡೆ ತಿರುಗಿದರು. "ಹೌದು. ಹಾಗೇ."

"ಅಂಗಾದ್ರೆ ಪ್ರೆಶರೆಲ್ಲ ಅಲ್ಲೇ ನುಗ್ತದೆ. ಪಕ್ಕದ್ ಸಾಲಿನ್ ಗಿಡ ಒಣಗ್ತವೆ. ಆ ಒಣಗಿರೋ ಸಾಲೇ ನನ್ ಕೈದು."

"ಹೌದು."

"ಒಂದಲ್ಲ ಒಂದಿನ ಜಾಯಿಂಟೂ ಒಡೀತದೆ."

"ಅದೇ ನಮ್ಮ ಭಯ" ಎಂದರು ಡಾಕ್ಟರು. "ಒಡೆದರೆ ತಲೆಯೊಳಗೆ ರಕ್ತಸ್ರಾವ. ಅದಕ್ಕೇ ಮೊದಲೇ ಮುಚ್ಚಬೇಕು."

ಮುಚ್ಚುವ ಕ್ರಮವನ್ನೂ ಹೇಳಿದರು. ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ದಾರದಂಥ ಕೊಳವೆಯನ್ನು ರಕ್ತನಾಳದೊಳಗೇ ಮೇಲೇರಿಸಿ, ಮೆದುಳಿನ ಗಂಟಿಗೆ ತಲುಪಿಸಿ, ಅಲ್ಲಿ ಒಂದು ಬಗೆಯ ಅಂಟು ಬಿಡುವುದು. ಎರಡು ಸಲ ಮಾಡಬೇಕಾಗಬಹುದು. "ಕೈ ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ. ಅಪಾಯವೂ ಇದೆ. ಆದರೆ ಬಿಟ್ಟರೆ ಇನ್ನೂ ಹೆಚ್ಚು ಅಪಾಯ. ಒಣಗಿದ ಸಾಲಿಗೆ ನೀರು ಹರಿಸೋದು ನಮ್ಮ ಕೆಲಸ, ಚಿಗುರಿಸೋದು ನಿಮ್ಮ ವ್ಯಾಯಾಮದ ಕೆಲಸ." ಆಗಲೇ ಅವರ ಬಾಯಲ್ಲಿಯೂ ಹೊಲದ ಮಾತು ಬರತೊಡಗಿತ್ತು.

ಊರಿಗೆ ಬಂದರೆ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. "ತಲೆಗೆ ಗೋಂದು ಹಾಕ್ತಾರಂತೆ" ಎಂದು ಹಾಲು ಹಾಕಲು ನಿಂತ ಸಾಲಿನಲ್ಲಿ ಮಾತಾಯಿತು. ಗೋಂದು ಮೂಗಿನಿಂದ ಇಳಿದರೆ ಏನು ಗತಿ ಎಂದು ಒಬ್ಬ ಚಿಂತೆ ಮಾಡಿದ. ಶಿವಲಿಂಗಮ್ಮನಿಗೆ ತೊಡೆಯದೇ ತಕರಾರು. "ರೋಗ ತಲೇಲಿ, ತೂತು ತೊಡೇಲಿ. ಮಾಗ್ಡಿಗೆ ಹೋಗಕ್ಕೆ ಮೈಸೂರಲ್ ಬಸ್ ಹತ್ತುದ್ರಂತೆ!"

ಇದೇ ಸಮಯವೆಂದು ನಟರಾಜು ಸ್ಕ್ಯಾನಿನ ಫಿಲ್ಮು ಹಿಡಿದು ಡೇರಿಗೆ ಹೋದ. ಕಟ್ಟಡದ ಉಸ್ತುವಾರಿಯಿಂದ ಬಿಡಿಸಿ ಎಂದ. ಅನಂತರಾಜು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ತಲೆಕೆಳಗಾಗಿ. "ಅಣ್ಣ, ಕಾಯ್ಲೆ ನಿನ್ ತಲೇಲಿ ಐತೆ. ಕಟ್ಟಡ ನೆಲದ್ ಮ್ಯಾಲೈತೆ. ಒಂದಕ್ಕೊಂದು ಏನ್ ಸಂಬಂಧ? ವಾಸಿ ಮಾಡ್ಕಂಡ್ ಬಾ. ಪಾಯ ತೋಡ್ಸಿರ್ತೀವಿ."

ಆಸ್ಪತ್ರೆಗೆ ಸೇರಿದ ದಿನ ನಟರಾಜುವಿನ ಧೈರ್ಯ ಇಳಿದುಹೋಯಿತು. ಮಾರನೆಯ ದಿನ ಬೆಳಗ್ಗೆ ಚಿಕಿತ್ಸೆ. ಪೈಪು ಜಾಯಿಂಟು ಎಂದು ವಾದಿಸುವುದು ಒಂದು, ತನ್ನ ತಲೆಯೊಳಗೇ ಕೊಳವೆ ತೂರಿಸಿಕೊಳ್ಳುವುದು ಇನ್ನೊಂದು. "ಅಮ್ಮಿ, ಹಿಂಗೇ ಎದ್ದೋಗ್ಬುಡಾನಾ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ. ಹಸು ಕೂಗಿತು ಎನ್ನೋಣವೆಂದರೆ ಅಲ್ಲಿ ಹಸು ಇರಲಿಲ್ಲ.

ಎದುರಿನ ವಾರ್ಡಿನಲ್ಲಿ ಆಗ ಗಲಾಟೆ. ಚನ್ನಪಟ್ಟಣದ ಗುಲ್ಜಾರ್ ಬೀ ಎಂಬ ಅರವತ್ತರ ಹೆಂಗಸು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೊಲ್ಲಳು. ನಲವತ್ತು ವರ್ಷ ಬೊಂಬೆ ಕಾರ್ಖಾನೆಯಲ್ಲಿ ಮರದ ಬೊಂಬೆಗೆ ಬಣ್ಣ ಹಿಡಿಸಿದವಳು. ಅವಳಿಗೂ ಇದೇ ಗಂಟು, ಬಲಗಾಲು ಎಳೆಯುತ್ತಿತ್ತು. ಮಗಳು ಮಿಸ್ಬಾ ಅಳುತ್ತ ಹೊರಗೆ ಬಂದಾಗ ಡಾಕ್ಟರ್ ಸಿದ್ಧಾರ್ಥ ನಟರಾಜುವಿನ ಮಂಚದ ಬಳಿ ನಿಂತಿದ್ದರು.

"ನಾನು ಮೂರು ಸಲ ಹೇಳಿದೆ" ಎಂದರು ಅವರು. "ನೀವು ಅವತ್ತು ಹೇಳಿದ್ರಲ್ಲ, ಅದನ್ನ ಒಂದು ಸಲ ಹೇಳ್ತೀರಾ ಅವರಿಗೆ?"

ನಟರಾಜುವಿನ ಬಲಗೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ಆದರೆ ಮಿಸ್ಬಾಳ ಮುಖ ನೋಡಿ ಕೈ ತೆಗೆದ. ನರ್ಸ್ ಮೇಜಿನ ಮೇಲಿದ್ದ ಎರಡು ಡ್ರಿಪ್ ಟ್ಯೂಬು ಎತ್ತಿಕೊಂಡು ಎದುರು ವಾರ್ಡಿಗೆ ಹೋದ. "ಅದನ್ನ ಮುಟ್ಬಾರ್ದು!" ಎಂದು ನರ್ಸ್ ಹಿಂದೆಯೇ ಓಡಿದಳು.

"ನೋಡವ್ವ" ಎಂದ ಗುಲ್ಜಾರ್ ಬೀಗೆ. "ನಮ್ ಹೊಲ್ದಲ್ಲೂ ಇದೇ ಡ್ರಿಪ್ಪು, ಇಲ್ಲೂ ಡ್ರಿಪ್ಪು. ಇದು ನೀರ್ ತರೋದು, ಇದು ವಾಪಸ್ ತಗಂಡ್ ಹೋಗೋದು. ಇವೆರಡೂ ಹಿಂಗೆ ಗಂಟಾಕ್ಕಂಡವೆ. ನಿನ್ ಕಾಲಿಗ್ ಹೋಗ್ಬೇಕಾದ್ ನೀರು ಇಲ್ಲೇ ಸೋರಿ ಹೋಯ್ತಾ ಐತೆ. ಇವ್ರು ಗಂಟಿಗೆ ಅಂಟಾಕಿ ಮುಚ್ತಾರೆ. ಅಷ್ಟೇಯ."

ಗುಲ್ಜಾರ್ ಬೀ ಟ್ಯೂಬು ನೋಡಿದಳು, ಅವನನ್ನು ನೋಡಿದಳು. "ಆ ಅಂಟು ಬಿಟ್ಕೊಂಡ್ರೆ?"

ನಟರಾಜು ತಲೆ ಕೆರೆದುಕೊಂಡು, "ನೀವು ಬೊಂಬೆಗೆ ಏನ್ ಹಾಕ್ತೀರವ್ವ?" ಎಂದ.

"ಅರಗು. ಮರ ತಿರುಗ್ತಾ ಇರುವಾಗ ಒತ್ತಿ ಹಿಡೀತೀವಿ. ಬಿಸಿಗೆ ಕರಗಿ ಹತ್ಕೊಳ್ತದೆ."

"ಬಿಟ್ಕತದಾ?"

"ಯಾರು ಹೇಳಿದ್ದು?" ಗುಲ್ಜಾರ್ ಬೀಗೆ ಕೋಪ ಬಂತು. ಎದ್ದು ಕೂತಳು. "ನಾನು ಹಾಕಿದ ಅರಗು? ಮಕ್ಳು ಬಾಯಲ್ಲಿಟ್ಟು ಚೀಪಿದ್ರೂ, ಗೋಡೆಗೆ ಕುಟ್ಟಿದ್ರೂ ಬಿಡೋದಿಲ್ಲ!"

"ಅಂಗಾದ್ರೆ ಈ ಡಾಕ್ಟ್ರೂ ಅವ್ರ್ ಕೆಲ್ಸ ಕಲ್ತಿರ್ತಾರೆ ಅಲ್ವಾ?"

ಅವಳು ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ವರ್ಷ ಆಯ್ತು ಈ ಕೆಲಸ ಮಾಡ್ತಾ?"

"ಹನ್ನೊಂದು ವರ್ಷ, ಅಮ್ಮ" ಎಂದರು ಡಾಕ್ಟರು, ಪರೀಕ್ಷೆಗೆ ನಿಂತ ಹುಡುಗನ ಹಾಗೆ.

"ಪರವಾಗಿಲ್ಲ. ಕೈ ಕೂತಿರ್ತದೆ" ಎಂದು ಗುಲ್ಜಾರ್ ಬೀ ಪೆನ್ನು ಕೇಳಿದಳು. ಆಮೇಲೆ ನಟರಾಜುವಿನ ಕಡೆ ತಿರುಗಿ, "ನಿಂಗೆ ಯಾವಾಗ ಮಾಡಿದ್ರು ಭಯ್ಯಾ?" ಎಂದಳು.

ವಾರ್ಡಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ನಟರಾಜು ಟ್ಯೂಬುಗಳನ್ನು ನರ್ಸ್ ಕೈಗೆ ಕೊಟ್ಟ.

"ನಾಳೆ ಬೆಳಿಗ್ಗೆ. ಮೊದಲ್ನೇದು ನಂದೇ."

ಹೀಗೆ ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ಮುಚ್ಚಿಕೊಂಡು ವಾಪಸ್ ಬಂದು ಮಲಗಿದ. ರಾಧಾಮಣಿ ಅವನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಆ ಕೈಗೆ ಅದು ಅಷ್ಟಾಗಿ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

ಮಾರನೆಯ ದಿನ ಎಲ್ಲ ಮುಗಿದು ಎಚ್ಚರವಾದಾಗ ಕೈ ಮೊದಲಿನಷ್ಟೂ ಆಡಲಿಲ್ಲ. ಒಂದು ಬೆರಳೂ ಮಿಸುಕಲಿಲ್ಲ. ಗಂಟಿನ ಸುತ್ತ ಊತವಿದೆ, ಇಳಿಯಲಿ, ಕಾಯಿರಿ ಎಂದರು ಡಾಕ್ಟರು. ನಟರಾಜು ಗೋಡೆಯ ಕಡೆ ತಿರುಗಿ ಮಲಗಿದ. ಮೂರು ದಿನ ಊಟದ ತಟ್ಟೆ ಬಂದರೂ ಇತ್ತ ತಿರುಗಲಿಲ್ಲ. ರಾಧಾಮಣಿ ಹೊರಗೆ ಹೋಗಿ ಅತ್ತು, ಮುಖ ತೊಳೆದು ಬಂದು, ಗಂಟೆಗೊಂದು ಸಲ ಅವನ ಹೆಬ್ಬೆರಳನ್ನು ಚಿವುಟುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಚಿವುಟಿದಾಗ ಹೆಬ್ಬೆರಳು ಹಿಂದಕ್ಕೆ ಸರಿಯಿತು.

"ನೋವಾಯ್ತದೆ ಕಣೆ!" ಎಂದ ನಟರಾಜು.

ಅವಳು ಇನ್ನೊಂದು ಸಲ ಚಿವುಟಿದಳು, ಜೋರಾಗಿ. ಇಬ್ಬರ ಕಣ್ಣಲ್ಲೂ ನೀರು.

ಎರಡನೆಯ ಸಲದ ಚಿಕಿತ್ಸೆ ಕಾರ್ತಿಕ ಮಾಸದಲ್ಲಿ ಆಯಿತು. ಗಂಟು ಪೂರ್ತಿ ಮುಚ್ಚಿದೆ ಎಂದರು. ಕೈ ತಾನಾಗಿ ಏಳುವುದು ನಿಂತಿತು. ಮಾತ್ರೆ ಮುಂದುವರಿಸಬೇಕು, ಹೇಳುವವರೆಗೆ ಗಾಡಿ ಓಡಿಸಬಾರದು. ಇನ್ನು ಉಳಿದದ್ದು ಬಲ ಬರಿಸುವುದು. ಅಮೂಲ್ಯ ಮೆತ್ತನೆಯ ಹಳದಿ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಸುಕಲು ಹೇಳಿದಳು. ನಟರಾಜುವಿಗೆ ಅದು ನಾಚಿಕೆ. ಐವತ್ತೆರಡರ ಗಂಡಸು ಜಗಲಿಯ ಮೇಲೆ ಚೆಂಡು ಹಿಡಿದು ಕೂರುವುದೇ? ಮೂರನೆಯ ದಿನ ಚೆಂಡು ಹಿತ್ತಲಲ್ಲಿ ನಾಯಿಯ ಬಾಯಲ್ಲಿ ಸಿಕ್ಕಿತು. ನಾಯಿಯೇ ಬಂದು ಕಚ್ಚಿಕೊಂಡು ಹೋಯಿತು ಎಂದ.

ಅದು ಅವರೆಕಾಯಿಯ ಕಾಲ. ಮಾಗಡಿ ಸೀಮೆಯ ಮನೆಮನೆಯಲ್ಲೂ ಸೊಗಡು. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕೆಂದು ಹಾರುತ್ತದೆ. ರಾಧಾಮಣಿ ಒಂದು ಬೆಳಗ್ಗೆ ದೊಡ್ಡ ಬೋಗುಣಿಯನ್ನು ಗಂಡನ ಮುಂದೆ ಇಟ್ಟಳು.

"ಎಡಗೈಲೇ ಹಿತಕ್ಬೇಕು. ಅಮೂಲ್ಯನ್ ಕೇಳಿವ್ನಿ, ಚೆಂಡಿಗಿಂತ ಇದೇ ವಾಸಿ ಅಂದ್ಲು. ಬ್ಯಾಳೆ ಆದ್ರೇನೆ ಸಾರು."

ಮೊದಲ ದಿನ ಒಂದು ಗಂಟೆಗೆ ಹನ್ನೆರಡು ಕಾಳು. ಅದರಲ್ಲಿ ಒಂಬತ್ತು ಜಜ್ಜಿಹೋದವು. ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಯಿತು. ಶಿವಲಿಂಗಮ್ಮ, "ನೀರ್ ಚೆನ್ನಾಗೈತೆ" ಎಂದು ಉಂಡಳು. ಒಂದು ವಾರವಾಯಿತು, ಎರಡು ವಾರವಾಯಿತು. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿತ್ತು, ಒತ್ತು ಬೀಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಹಲ್ಲು ಕಚ್ಚಿ, ನಾಲಿಗೆ ಪಕ್ಕಕ್ಕೆ ತಿರುಗಿಸಿ, ಒಂದು ಕಾಳನ್ನು ಒತ್ತಿದ. ಪುಳಕ್! ಬೇಳೆ ಹಾರಿ ತಾಯಿಯ ಹಣೆಗೆ ಬಡಿಯಿತು.

"ಅಯ್ಯೋ ನಿನ್ನ!" ಎಂದ ಮುದುಕಿ ಹಣೆ ಸವರಿಕೊಂಡಳು. ಕೈಗೆ ಸಿಕ್ಕ ಬೇಳೆ ನೋಡಿದಳು. ಒಂದು ಚೂರೂ ಮುರಿದಿರಲಿಲ್ಲ. ಅದನ್ನು ಸೊಸೆಗೆ ತೋರಿಸಿ, ಬಾಯಿಗೆ ಹಾಕಿಕೊಂಡಳು.

ಸುದ್ದಿ ಬೀದಿಗೆ ಬಿತ್ತು. ಮಾರನೆಯ ದಿನ ಎದುರು ಮನೆಯ ಲತಾಮಣಿ ಒಂದು ಪಾತ್ರೆ ನೆನೆದ ಕಾಳು ತಂದಳು. "ಪಾಪ, ನಿಮ್ಗೂ ಎಕ್ಸರ್‌ಸೈಜ್ ಆಯ್ತದೆ ಅಂತ ತಂದೆ ನಟರಾಜಣ್ಣ." ಅವಳ ಹಿಂದೆ ಇನ್ನಿಬ್ಬರು. ಸಂಕ್ರಾಂತಿಯ ಹೊತ್ತಿಗೆ ಜಗಲಿಯ ಮೇಲೆ ಏಳು ಪಾತ್ರೆ ಸಾಲಾಗಿ ಕೂತಿದ್ದವು. ಅನಂತರಾಜುವೂ ಡೇರಿ ಕಟ್ಟಡದ ಸಿಮೆಂಟಿನ ಮಾತು ಕೇಳುವ ನೆಪದಲ್ಲಿ ಒಂದು ಚೀಲ ಇಟ್ಟು ಹೋದ. ಕಟ್ಟಡದ ಗೋಡೆ ಎದೆಯೆತ್ತರ ಬಂದಿತ್ತು. ನಟರಾಜು ದಿನಾ ಬೆಳಗ್ಗೆ ಅಲ್ಲಿ ಮೇಸ್ತ್ರಿಯ ಜೊತೆ ಜಗಳವಾಡಿ, ಮಧ್ಯಾಹ್ನ ಬಂದು ಕಾಳು ಹಿತುಕುತ್ತಿದ್ದ. ಅವರೆ ಮುಗಿದಾಗ ಎಡಗೈಯಿಂದ ಗುಂಡಿ ಹಾಕುತ್ತಿದ್ದ, ಹಸುವಿನ ಮುಂದೆ ಕೂರುತ್ತಿದ್ದ. ಕಿರುಬೆರಳು ಮಾತ್ರ ಇನ್ನೂ ಒಸಿ ಸೋಮಾರಿ. ಚನ್ನಪಟ್ಟಣದಿಂದ ಮಿಸ್ಬಾ ಫೋನು ಮಾಡಿ, ಅಮ್ಮ ಕೋಲಿಲ್ಲದೆ ಮಸೀದಿ ಬೀದಿಯವರೆಗೆ ನಡೆದಳು, ದಾರಿಯಲ್ಲಿ ಸಿಕ್ಕವರಿಗೆಲ್ಲ ಪೈಪಿನ ಕಥೆ ಹೇಳುತ್ತಿದ್ದಾಳೆ ಎಂದಳು.

ಗಂಡ ಮಲಗಿದ್ದ ತಿಂಗಳುಗಳಲ್ಲಿ ಡೇರಿಗೆ ಹಾಲು ಒಯ್ಯುವವರಿಲ್ಲದೆ ರಾಧಾಮಣಿ ಮನೆಯ ಮೊಪೆಡ್ಡು ಕಲಿತಿದ್ದಳು. ಮೊದಲ ವಾರ ಎರಡು ಬೇಲಿ, ಒಂದು ಹುಲ್ಲಿನ ಮೆದೆ ಹೊಡೆದಿದ್ದಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಫಾಲ್ಗುಣದ ಒಂದು ಬೆಳಗ್ಗೆ ಹಾಲಿನ ಕ್ಯಾನು ಎತ್ತಿಕೊಂಡು ನಟರಾಜು ಗಾಡಿಯ ಬಳಿ ಬಂದ.

"ನಾನೇ ಓಡುಸ್ತೀನಿ, ಇತ್ತ ಕೊಡು. ಕೈ ಸರಿಯಾಯ್ತಲ್ಲ."

"ಡಾಕ್ಟ್ರು ಓಡಿಸ್ಬ್ಯಾಡಿ ಅಂದವ್ರೆ."

"ಇನ್ನೆಷ್ಟ್ ದಿನ?"

"ನಾನು ಕೇಳಿಲ್ಲ" ಎಂದಳು ರಾಧಾಮಣಿ. ಕೇಳುವ ಆಸೆಯೂ ಇದ್ದಂತೆ ಕಾಣಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದಳು. "ಹಿಂದ್ಗಡೆ ಕೂತ್ಕಳಿ. ಕ್ಯಾನು ಎಡಗೈಲಿ ಹಿಡ್ಕಳಿ, ಅದ್ಕೂ ಕೆಲ್ಸ ಆಯ್ತದೆ."

ಅವನು ಕೂತ. ಗಾಡಿ ಒಂದು ಸಲ ಜಿಗಿದು ಹೊರಟಿತು. ಹಳ್ಳದ ತಿರುವಿನಲ್ಲಿ ಅವಳು ಬ್ರೇಕು ಮುಟ್ಟಲಿಲ್ಲ.

"ಒಸಿ ನಿಧಾನ್ಕೆ ಕಣೆ! ಹಾಲ್ ಚೆಲ್ತದೆ!"

"ಚೆಲ್ತಾ?"

ನಟರಾಜು ಬಗ್ಗಿ ನೋಡಿದ. ಐದೂ ಬೆರಳು ಕ್ಯಾನಿನ ಹಿಡಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದವು, ಕಿರುಬೆರಳೂ ಸೇರಿ.

"ಇಲ್ಲ" ಎಂದ.

"ಅಂಗಾದ್ರೆ ಸುಮ್ನಿರಿ" ಎಂದು ಅವಳು ಇನ್ನಷ್ಟು ಜೋರು ಮಾಡಿದಳು.